ಯಾವ ದಶಕದ ಹಾಡು ಶ್ರೇಷ್ಠ? ವಾದ ಬೆಳೆದುಬಂದ ಬಗೆ

ಹಿಂದಿನ ಹಾಡುಗಳು ಚೆನ್ನಾಗಿದ್ದವು ಎಂಬ ಮಾತನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಬಹಳ ಜನ ಒಪ್ಪುತ್ತಾರೆ. ಯಾವ ದಶಕದವು ಎಂದು ಕೇಳಿದ ಕೂಡಲೇ ಆ ಒಮ್ಮತ ಮುರಿದುಬೀಳುತ್ತದೆ. ಗಣೇಶನ ಹಬ್ಬದ ರಸಮಂಜರಿ ಕಾರ್ಯಕ್ರಮಕ್ಕೆ ಹಾಡುಗಳ ಪಟ್ಟಿ ಮಾಡಲು ಕುಳಿತ ಮಂಡಳಿಯಲ್ಲಿ ಹಿರಿಯರು ಪಿ.ಬಿ. ಶ್ರೀನಿವಾಸ್ ಕಾಲದ ಗೀತೆಗಳನ್ನು ಕೇಳುತ್ತಾರೆ, ಐವತ್ತು ದಾಟಿದವರು ರಫಿ ಮತ್ತು ಕಿಶೋರ್ ಅವರನ್ನು ಬಿಟ್ಟುಕೊಡುವುದಿಲ್ಲ, ನಲವತ್ತರ ಆಸುಪಾಸಿನವರಿಗೆ ಹಂಸಲೇಖ ಅವರ ನಂತರವೇ ಸಂಗೀತ ಆರಂಭವಾಗುತ್ತದೆ, ಹುಡುಗರು ಸಿಂಥಸೈಸರಿನ ಅಬ್ಬರದ ಡಿಜೆ ಜಾನಪದವಿಲ್ಲದೆ ಕಾರ್ಯಕ್ರಮವೇ ಬೇಡ ಎನ್ನುತ್ತಾರೆ. ಬೆಳಗಾವಿಯಾದರೆ ಮರಾಠಿ ನಾಟ್ಯಗೀತೆಯ ಅಭಿಮಾನಿಗಳೂ ಸೇರಿಕೊಳ್ಳುತ್ತಾರೆ. ಕನ್ನಡ, ಹಿಂದಿ, ಮರಾಠಿ ಎಂಬ ಮೂರು ಭಾಷೆಗಳ ಹಾಡು ಒಂದೇ ಓಣಿಯಲ್ಲಿ ಕೇಳುವ ಈ ಭಾಗದಲ್ಲಿ ವಾದ ಇಷ್ಟು ಸಿಕ್ಕಾಗಿರುವುದಕ್ಕೆ ಅಭಿರುಚಿಯ ಭೇದವೊಂದೇ ಕಾರಣವಲ್ಲ. ಹಾಡು ಇಲ್ಲಿಯವರ ಕಿವಿಗೆ ಯಾವ ದಾರಿಯಿಂದ ಬಂತು, ಎಷ್ಟು ತಡವಾಗಿ ಬಂತು ಎಂಬ ಹಿನ್ನೆಲೆಯೂ ಅದರಲ್ಲಿ ಸೇರಿದೆ.

ಮೊದಲ ದಾರಿ ರಂಗಭೂಮಿಯದು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಹೊಸ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ನಾಟಕಗಳ ಪ್ರಭಾವಕ್ಕೂ ಪೈಪೋಟಿಗೂ ಒಳಗಾಗಿಯೇ ಕನ್ನಡದ ವೃತ್ತಿ ಕಂಪನಿಗಳು ಬೆಳೆದವು. ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ ಕಂಪನಿಗಳು ವಾರಗಟ್ಟಲೆ ಠಿಕಾಣಿ ಹೂಡುವ ಪದ್ಧತಿ ಇಂದಿಗೂ ಉಳಿದಿದೆ. ನಾಟಕದ ಹಾಡಿಗೆ ಗೊತ್ತಾದ ಅಳತೆ ಇರಲಿಲ್ಲ. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದಷ್ಟು ಸಲ ಅದು ಬೆಳೆಯುತ್ತಿತ್ತು. ಅದಕ್ಕೆ ಅಳತೆ ಹಾಕಿದ್ದು ಗ್ರಾಮೋಫೋನ್ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರೂವರೆ ನಿಮಿಷವಷ್ಟೇ ಹಿಡಿಸುತ್ತಿತ್ತು. ಮುಂದೆ ಚಿತ್ರಗೀತೆಯೂ ಅದೇ ಅಳತೆಗೆ ಒಗ್ಗಿಕೊಂಡಿತು.

ಈ ಅಳತೆಗೆ ತನ್ನ ಕಂಠವನ್ನು ಹೊಂದಿಸಿಕೊಂಡು ದೇಶದಾದ್ಯಂತ ಹೆಸರಾದವರು ಬೀಳಗಿಯ ಅಮೀರಬಾಯಿ ಕರ್ನಾಟಕಿ. ಅವರ ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹಾಡಿದರೆ, ಅಮೀರಬಾಯಿ ಮುಂಬಯಿಯ ಚಿತ್ರರಂಗ ಸೇರಿ 1943ರ ‘ಕಿಸ್ಮತ್’ ಚಿತ್ರದಲ್ಲಿ ಅನಿಲ್ ಬಿಸ್ವಾಸ್ ಅವರ ಸಂಗೀತಕ್ಕೆ ಹಾಡಿದರು. ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರನ್ನು ಹೊತ್ತಿತ್ತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ಕೂಡ ಬೆಳಗಾವಿಗೆ ಸಮೀಪದ ಕೊಲ್ಹಾಪುರದ ಸ್ಟುಡಿಯೊದಲ್ಲಿ. ಅದು ತೆರೆಕಂಡದ್ದು 1934ರಲ್ಲಿ. ಆದರೂ ಜನಪ್ರಿಯ ಸಂಗೀತದ ಶ್ರೇಷ್ಠ ದಶಕದ ಚರ್ಚೆಯಲ್ಲಿ 1940ರ ದಶಕದ ಹೆಸರು ಈಗ ಯಾರ ಬಾಯಲ್ಲೂ ಬರುವುದಿಲ್ಲ. ಈ ನೆಲದ ಕಂಠವೊಂದು ಹಿಂದಿ ಚಿತ್ರಸಂಗೀತದ ಮುಂಚೂಣಿಯಲ್ಲಿದ್ದ ಕಾಲ ಅದೇ ಆಗಿದ್ದರೂ, ಅದನ್ನು ಪ್ರಾಯದಲ್ಲಿ ಕೇಳಿದವರು ವಾದಿಸಲು ಇಂದು ಉಳಿದಿಲ್ಲ.

ಹಾಡುಗಳಿಗೆ ಅಂಕ ಕೊಡುವ ಅಭ್ಯಾಸ ಹುಟ್ಟಿದ್ದು ರೇಡಿಯೊದಿಂದ. ಧಾರವಾಡದ ಆಕಾಶವಾಣಿ 1950ರಲ್ಲಿ ಆರಂಭವಾಯಿತು. ಎರಡು ವರ್ಷದ ನಂತರ ಅಂದಿನ ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಅವರ ಅವಧಿಯಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದವು. ಶಾಸ್ತ್ರೀಯ ಸಂಗೀತಕ್ಕೆ ಇದರಿಂದ ದೊರೆತ ಆಸರೆ ಸಣ್ಣದಲ್ಲ, ಅದರ ಫಲವನ್ನು ಧಾರವಾಡದ ಸುತ್ತಲಿನ ಕೇಳುಗರು ಧಾರಾಳವಾಗಿ ಉಂಡರು. ಚಿತ್ರಗೀತೆಯ ಕೇಳುಗರು ಮಾತ್ರ ಇಂದಿನ ಶ್ರೀಲಂಕಾದ ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. ಅಮೀನ್ ಸಯಾನಿ ನಡೆಸಿಕೊಡುತ್ತಿದ್ದ ‘ಬಿನಾಕಾ ಗೀತಮಾಲಾ’ 1952ರ ಕೊನೆಯಲ್ಲಿ ಶುರುವಾಗಿ, ಪ್ರತಿ ಬುಧವಾರ ಸಂಜೆ ಹಾಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿ, ವರ್ಷದ ಕೊನೆಗೆ ಇಡೀ ವರ್ಷದ ಪಟ್ಟಿ ಓದುವ ಪದ್ಧತಿಯನ್ನು ತಂದಿತು. ಯಾವ ಹಾಡು ಮೊದಲು, ಯಾವುದು ನಂತರ ಎಂದು ಪಂಥ ಕಟ್ಟುವುದನ್ನು ಒಂದು ಪೀಳಿಗೆ ಕಲಿತದ್ದು ಅಲ್ಲಿಂದ. 1957ರಲ್ಲಿ ವಿವಿಧ ಭಾರತಿ ಬಂದು ಚಿತ್ರಗೀತೆ ಆಕಾಶವಾಣಿಗೆ ಮರಳುವ ಹೊತ್ತಿಗೆ ಈ ಜಿಲ್ಲೆಗಳು ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷವಾಗಿತ್ತು. ಆಡಳಿತ ಬೆಂಗಳೂರಿಗೆ ಹೊರಳಿದರೂ ಕಿವಿ ಇನ್ನೂ ಬಹುಕಾಲ ಮುಂಬಯಿಯ ಕಡೆಗೇ ಇತ್ತು.

ನಂತರದ ಎರಡು ದಶಕಗಳನ್ನು ಕನ್ನಡ ಚಿತ್ರಗೀತೆಯ ಸುವರ್ಣಯುಗವೆಂದು ಸಾಮಾನ್ಯವಾಗಿ ಕರೆಯುತ್ತಾರೆ. ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರ, ವಿಜಯಭಾಸ್ಕರ್, ಟಿ.ಜಿ. ಲಿಂಗಪ್ಪ, ಎಂ. ರಂಗರಾವ್ ಅವರ ಸಂಗೀತ, ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಅವರ ಕಂಠ, 1974ರಿಂದ ಹೆಚ್ಚಾಗಿ ಕೇಳಿಬಂದ ರಾಜ್‌ಕುಮಾರ್ ಅವರ ಸ್ವಂತ ಧ್ವನಿ, ಇವೆಲ್ಲವನ್ನೂ ಅಲ್ಲಗಳೆಯುವವರಿಲ್ಲ. ಆದರೆ 1966ರ ಚಿತ್ರದ ಹಾಡು ಎಂದ ಮಾತ್ರಕ್ಕೆ ಅದನ್ನು ಇಂಡಿ ಅಥವಾ ಹುನಗುಂದದ ಹಳ್ಳಿಯೊಂದು 1966ರಲ್ಲೇ ಕೇಳಿತು ಎಂದು ಹೇಳಲಾಗದು. ಚಿತ್ರದ ಪೆಟ್ಟಿಗೆ ಊರಿಂದೂರಿಗೆ ಸಾಗಿ ಟೂರಿಂಗ್ ಟಾಕೀಸಿನ ಡೇರೆಗೆ ಬರುವಷ್ಟರಲ್ಲಿ ವರ್ಷಗಳೇ ಕಳೆಯುತ್ತಿದ್ದವು, ಗ್ರಾಮೋಫೋನ್ ಇದ್ದ ಮನೆಗಳು ಊರಿಗೊಂದೋ ಎರಡೋ. ಹಾಡು ಹುಟ್ಟಿದ ವರ್ಷಕ್ಕೂ ಅದು ಜನರ ನಾಲಿಗೆಗೆ ಬಂದ ವರ್ಷಕ್ಕೂ ನಡುವೆ ಬಿದ್ದ ಈ ಅಂತರವನ್ನು ದಶಕದ ವಾದ ಮಾಡುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ.

ಆ ಅಂತರವನ್ನು ಒಂದೇ ಏಟಿಗೆ ತುಂಬಿದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಸಾಧನ ನಮ್ಮ ದೇಶದಲ್ಲಿ ಮನೆಮಾತಾದದ್ದು 1970ರ ದಶಕದ ಕೊನೆಗೆ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರೇಡಿಯೊ ಮತ್ತು ಟೇಪ್ ಎರಡೂ ಇದ್ದ ಟೂ-ಇನ್-ಒನ್ ಯಂತ್ರಗಳನ್ನು ತಂದರು, ಸರಕಾರದ ನಿರ್ಬಂಧಗಳು ಸಡಿಲವಾದವು, ಕ್ಯಾಸೆಟ್ ತಯಾರಿಕೆ ಅಗ್ಗವಾಯಿತು. 1980ರ ದಶಕದ ನಡುವಿಗೆ ಧ್ವನಿಮುದ್ರಣದ ಮಾರುಕಟ್ಟೆಯ ಬಹುಪಾಲು ಕ್ಯಾಸೆಟ್ಟಿನದೇ ಆಗಿತ್ತು. ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಎದುರು ಕ್ಯಾಸೆಟ್ ಅಂಗಡಿಗಳು ತಲೆಯೆತ್ತಿದವು.

ಆ ಅಂಗಡಿಗಳ ಮುಖ್ಯ ವ್ಯವಹಾರ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವುದಾಗಿತ್ತು. ಗಿರಾಕಿ ನೋಟುಬುಕ್ಕಿನ ಹಾಳೆಯಲ್ಲಿ ಹಾಡುಗಳ ಮೊದಲ ಸಾಲು ಬರೆದುಕೊಂಡು ಬರುತ್ತಿದ್ದರು. ಅಂಗಡಿಯವರು ಒಂದೊಂದರ ಅವಧಿಯನ್ನು ಅಂದಾಜಿಸಿ, ಅರವತ್ತು ನಿಮಿಷದ ಕ್ಯಾಸೆಟ್ಟಾದರೆ ಬದಿಗೆ ಏಳೆಂಟು ಹಾಡು ಎಂದು ಗುರುತು ಹಾಕಿ, ನಾಲ್ಕು ದಿನ ಬಿಟ್ಟು ಬರಲು ಹೇಳುತ್ತಿದ್ದರು. ಲೆಕ್ಕ ತಪ್ಪಿದರೆ ಬದಿಯ ಕೊನೆಯ ಹಾಡು ಚರಣದ ನಡುವೆಯೇ ತುಂಡಾಗುತ್ತಿತ್ತು. ಆ ಪಟ್ಟಿಗಳಲ್ಲಿ ಕಾಲದ ಕ್ರಮವೂ ಇರಲಿಲ್ಲ, ಭಾಷೆಯ ಗಡಿಯೂ ಇರಲಿಲ್ಲ. 1950ರ ದಶಕದ ಹಿಂದಿ ಗೀತೆಯ ಪಕ್ಕದಲ್ಲಿ ರಾಜ್‌ಕುಮಾರ್ ಅವರ ಹಾಡು, ಅದರ ಬೆನ್ನಿಗೆ ಮರಾಠಿ ಅಭಂಗ, ಕೊನೆಗೆ ಶರೀಫರ ತತ್ವಪದ. ಸುವರ್ಣಯುಗದ ಹಾಡುಗಳನ್ನು ಈ ಭಾಗದ ಬಹುಸಂಖ್ಯೆಯ ಜನ ಬೇಕೆಂದಾಗ, ಬೇಕಾದಷ್ಟು ಸಲ ಕೇಳಿದ್ದು 1980ರ ದಶಕದಲ್ಲಿ, ಈ ಕ್ಯಾಸೆಟ್ಟುಗಳ ಮೂಲಕ. ಅವರು ಇಂದು ಅರವತ್ತರ ದಶಕದ ಹಾಡೇ ಹಾಡು ಎನ್ನುವಾಗ ನೆನೆಯುತ್ತಿರುವುದು ಎಂಬತ್ತರ ದಶಕದಲ್ಲಿ ಕೇಳಿದ ಅನುಭವವನ್ನು.

ಕ್ಯಾಸೆಟ್ ಮಾಡಿದ ಇನ್ನೊಂದು ಕೆಲಸ ನನ್ನ ದೃಷ್ಟಿಯಲ್ಲಿ ಇದಕ್ಕಿಂತಲೂ ದೊಡ್ಡದು. ಮೂರೂವರೆ ನಿಮಿಷದ ತಟ್ಟೆಯಲ್ಲಿ ಗೀಗೀ ಪದಕ್ಕೆ ಸ್ಥಳವಿರಲಿಲ್ಲ. ಅದರದೇ ಒಂದು ಬಗೆಯಾದ ವಿಜಯಪುರ, ಬೆಳಗಾವಿ ಕಡೆಯ ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಎರಡು ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ದಪ್ಪು, ತುಂತುಣಿ, ತಾಳ ಹಿಡಿದು ಬೆಳಗಿನವರೆಗೆ ಸವಾಲ್–ಜವಾಬು ನಡೆಸುತ್ತವೆ. ಒಂದು ಸವಾಲು ಎತ್ತಿ ಪುರಾಣದ ಆಧಾರ ಕೊಟ್ಟು ಮುಗಿಸುವುದಕ್ಕೇ ತಟ್ಟೆಯ ಹತ್ತು ಬದಿ ಬೇಕಾದೀತು. ಕ್ಯಾಸೆಟ್ಟಿನ ಒಂದು ಬದಿಗೆ ಅರ್ಧ ಗಂಟೆ ಸಿಕ್ಕಿತು. ಆ ಅರ್ಧ ಗಂಟೆಯಲ್ಲಿ ಗೀಗೀ ಪದ, ಡೊಳ್ಳಿನ ಹಾಡು, ಚೌಡಿಕೆ ಪದ, ಭಜನೆ ಪದ, ಶ್ರೀಕೃಷ್ಣ ಪಾರಿಜಾತ ಆಟದ ಸನ್ನಿವೇಶಗಳು, ಮೊಹರಮ್ಮಿನ ರಿವಾಯತ್ ಪದಗಳು ಮಾರುಕಟ್ಟೆಗೆ ಬಂದವು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ, ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ, ಬಳೆ ಮತ್ತು ಬೆಂಡು-ಬತ್ತಾಸಿನ ಅಂಗಡಿಗಳ ಸಾಲಿನಲ್ಲಿ ಕ್ಯಾಸೆಟ್ಟುಗಳು ಮಾರಾಟವಾದವು. ತಾವು ಮನೆಯಲ್ಲಿ ಆಡುವ ಮಾತಿನಲ್ಲಿರುವ ಹಾಡನ್ನು ಈ ಜಿಲ್ಲೆಗಳ ಸಾಮಾನ್ಯ ಜನ ಕಾಸು ಕೊಟ್ಟು ಕೊಂಡುಕೊಂಡದ್ದು ಆ ಕಾಲದಲ್ಲಿ.

ಹಾಡುಗಳನ್ನು ಸಂಗ್ರಹಿಸುವ ಹಂಬಲ ಇಲ್ಲಿ ಹೊಸದಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’, ಮುಂದೆ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’ ಪ್ರಕಟಿಸಿ ಬಾಯಿಂದ ಬಾಯಿಗೆ ಬಂದದ್ದನ್ನು ಅಚ್ಚಿಗೆ ತಂದಿದ್ದರು. ಮುರಗೋಡದ ಕಡೆಯ ಹುಕ್ಕೇರಿ ಬಾಳಪ್ಪನವರು ಲಾವಣಿಯನ್ನೂ ಕವಿಗಳ ಗೀತೆಗಳನ್ನೂ ಸಭೆ ಸಭೆಗಳಲ್ಲಿ ಹಾಡಿ ದಶಕಗಳ ಕಾಲ ಜೀವಂತವಾಗಿಟ್ಟಿದ್ದರು. ಅಚ್ಚಿನಲ್ಲಿ ಮಟ್ಟು ಉಳಿಯುವುದಿಲ್ಲ, ಸಭೆ ಮುಗಿದರೆ ಧ್ವನಿ ಉಳಿಯುವುದಿಲ್ಲ. ಕ್ಯಾಸೆಟ್ ಎರಡನ್ನೂ ಉಳಿಸಿತು.

ನಷ್ಟವೂ ಆಯಿತು. ಮೈಸೂರು ಅನಂತಸ್ವಾಮಿ ಅವರ ಸಂಗೀತದ ‘ನಿತ್ಯೋತ್ಸವ’ 1978ರಲ್ಲಿ ಬಂದ ನಂತರ ಭಾವಗೀತೆಯ ಧ್ವನಿಸುರುಳಿಗಳಿಗೆ ದಾರಿ ತೆರೆಯಿತು, ಸಿ. ಅಶ್ವತ್ಥ್ ಶಿಶುನಾಳ ಶರೀಫರ ಪದಗಳಿಗೆ ಹೊಸ ರಾಗ ಕೊಟ್ಟು ನಾಡಿನಾದ್ಯಂತ ಮುಟ್ಟಿಸಿದರು. ಆ ಹಾಡುಗಳ ಶಕ್ತಿಗೆ ಮನಸೋಲದವರು ವಿರಳ. ಅದೇ ಹೊತ್ತಿಗೆ ಈ ಕಡೆಯ ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿಗಳ ಜೊತೆ ಹಾಡುತ್ತಿದ್ದ ಹಳೆಯ ಮಟ್ಟುಗಳು ಹಿಂದೆ ಸರಿದವು. ಊರಿನ ಭಜನೆಯವರೂ ಧ್ವನಿಸುರುಳಿಯ ರಾಗದಲ್ಲೇ ಹಾಡಬೇಕೆಂದು ಕೇಳುಗರು ಬಯಸತೊಡಗಿದರು. 1987ರ ‘ಪ್ರೇಮಲೋಕ’ದೊಂದಿಗೆ ಹಂಸಲೇಖ ತಂದ ಲಯ ಹಳ್ಳಿಯ ಮದುವೆ ಮೆರವಣಿಗೆಯ ಬ್ಯಾಂಡಿನವರೆಗೂ ಮುಟ್ಟಿ, ಕ್ಯಾಸೆಟ್ ಅಂಗಡಿಯ ಕಪಾಟಿನಲ್ಲಿ ಚಿತ್ರಗೀತೆಯ ಪಾಲು ಮತ್ತೆ ಹಿಗ್ಗಿತು.

ಮುಂದಿನದು ವೇಗವಾಗಿ ನಡೆಯಿತು. ಸಿಡಿ ಬಂದು ಹೋಯಿತು, ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ನೂರಾರು ಹಾಡು ಒಮ್ಮೆಗೇ ಸುರಿಯುವ ಕಾಲ ಬಂತು, 2016ರ ನಂತರ ಡೇಟಾ ಅಗ್ಗವಾಗಿ ಹಾಡು ಯೂಟ್ಯೂಬಿಗೆ ಸರಿಯಿತು, ರೀಲ್ಸ್ ಅದನ್ನು ಅರ್ಧ ನಿಮಿಷಕ್ಕೆ ಕತ್ತರಿಸಿತು. 1999ರ ‘ಉಪೇಂದ್ರ’ ಚಿತ್ರಕ್ಕೆ ಗುರುಕಿರಣ್ ಸಂಗೀತ ನೀಡಿದ ಹಾಡಿನ ಕರಿಮಣಿಯ ಸಾಲು 2024ರ ಆರಂಭದಲ್ಲಿ ಇದ್ದಕ್ಕಿದ್ದಂತೆ ಎಲ್ಲರ ಫೋನಿನಲ್ಲಿ ಮೊಳಗಿದಾಗ, ಅದು ಹುಟ್ಟಿದಾಗ ತಾವಿನ್ನೂ ಹುಟ್ಟಿರದ ಮಕ್ಕಳು ಅದನ್ನು ತಮ್ಮ ಕಾಲದ ಹಾಡೆಂದೇ ಹಾಡಿದರು. ಜನರಿಗೆ ಹೆಚ್ಚು ಪ್ರಿಯವಾಗುವುದು ಅವರ ಇಪ್ಪತ್ಮೂರು–ಇಪ್ಪತ್ನಾಲ್ಕರ ವಯಸ್ಸಿನ ಆಸುಪಾಸಿನಲ್ಲಿ ಜನಪ್ರಿಯವಾಗಿದ್ದ ಹಾಡು ಎಂದು ಅಮೆರಿಕದ ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತ್ತು. ದಶಕದ ವಾದದಲ್ಲಿ ಅರ್ಧದಷ್ಟನ್ನು ಈ ಮಾತು ವಿವರಿಸಬಹುದು. ಹಾಡು ಹುಟ್ಟಿ ಇಪ್ಪತ್ತು ವರ್ಷದ ನಂತರ ಕೈಗೆ ಸಿಗುವ ಕಡೆ ಅದು ಅಷ್ಟು ಸಲೀಸಾಗಿ ಹೊಂದುವುದಿಲ್ಲ.

ಇಂದಿನ ಉತ್ತರ ಕರ್ನಾಟಕದ ಡಿಜೆ ಜಾನಪದದ ಬಗೆಗಿನ ತಕರಾರು ಗಂಭೀರವಾದದ್ದೇ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಅಥಣಿ ರಸ್ತೆಗಳಲ್ಲಿ ಸಕ್ಕರೆ ಕಾರ್ಖಾನೆಯತ್ತ ಸಾಲುಗಟ್ಟಿದ ಟ್ರ್ಯಾಕ್ಟರುಗಳಿಂದ ಹೊಮ್ಮುವ ಸದ್ದಿಗೆ ದಾರಿಬದಿಯ ಮನೆಗಳ ಕಿಟಕಿ ನಡುಗುತ್ತವೆ; ಎಷ್ಟೋ ಹಾಡುಗಳಲ್ಲಿ ಹೆಣ್ಣಿನ ಬಗೆಗೆ ಬಳಸುವ ಮಾತು ಸಹಿಸಲಾಗದಷ್ಟು ಹಗುರ. ಇಷ್ಟಾದರೂ ಇವನ್ನು ಪೂರ್ತಿ ಕೇಳಿದರೆ ಹಲವು ಹಾಡುಗಳ ಕೊನೆಯ ನುಡಿಯಲ್ಲಿ ಬರೆದವರ ಹೆಸರೂ ಊರಿನ ಹೆಸರೂ ಬರುತ್ತವೆ. ಲಾವಣಿಕಾರರು ತಮ್ಮ ಊರನ್ನು ಹೇಳಿ ಪದ ಮುಗಿಸುತ್ತಿದ್ದ ಕ್ರಮ ಇದು, ಸಿಂಥಸೈಸರಿನ ಅಬ್ಬರದ ನಡುವೆಯೂ ಕಡಿದುಹೋಗಿಲ್ಲ. ಹಿರಿಯರು ಸದ್ದು ಕೇಳಿ ದೂರ ಸರಿಯುವುದರಿಂದ, ಹುಡುಗರು ಹಳೆಯ ಲಾವಣಿ ಕೇಳದೇ ಬೆಳೆದಿರುವುದರಿಂದ, ಈ ನಂಟು ಎರಡೂ ಕಡೆಯವರಿಗೆ ಕಾಣದೇ ಉಳಿದಿದೆ.

ವಾದ ಮುಂದೆ ಯಾವ ಕಡೆ ವಾಲುತ್ತದೆ ಎಂಬುದನ್ನು ಬಹುಮಟ್ಟಿಗೆ ದಾಖಲೆಗಳು ನಿರ್ಧರಿಸಲಿವೆ. ಚಿತ್ರಗೀತೆಗೆ ಚಿತ್ರದ ಬಿಡುಗಡೆಯ ವರ್ಷವಿದೆ, ಯೂಟ್ಯೂಬಿನ ಹಾಡಿಗೆ ಅದು ಏರಿದ ದಿನಾಂಕವಿದೆ. ಜಾತ್ರೆಯಲ್ಲಿ ಮಾರಾಟವಾದ ಎಷ್ಟೋ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ ದೇವಿಯ ಚಿತ್ರ, ಮೇಳದ ಹೆಸರು, ಊರಿನ ಹೆಸರು ಇದ್ದವೇ ಹೊರತು ವರ್ಷ ಇರಲಿಲ್ಲ. ದಶಕಗಳ ಪಟ್ಟಿ ಮಾಡಲು ಕುಳಿತವರು ಅವನ್ನು ಯಾವ ಸಾಲಿನಲ್ಲೂ ಬರೆಯಲಾಗದೆ ಬಿಟ್ಟುಬಿಡುತ್ತಾರೆ. ಟೇಪಿನ ಮೇಲಿನ ಲೇಪ ಉದುರುತ್ತದೆ, ಸುರುಳಿಗೆ ಬೂಷ್ಟು ಹಿಡಿಯುತ್ತದೆ, ನುಡಿಸುವ ಯಂತ್ರ ರಿಪೇರಿ ಮಾಡುವವರು ಸಿಗುವುದಿಲ್ಲ. ಆ ಮೇಳಗಳಲ್ಲಿ ಹಾಡಿದ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಕ್ಯಾಸೆಟ್ ಯಾವ ವರ್ಷದ್ದು, ಹಿಮ್ಮೇಳದಲ್ಲಿ ಯಾರಿದ್ದರು, ಮುದ್ರಣ ಎಲ್ಲಿ ನಡೆಯಿತು ಎಂಬುದನ್ನು ಅವರನ್ನೇ ಕೇಳಿ ಬರೆದುಕೊಳ್ಳಲು ಈಗಲೂ ಅವಕಾಶವಿದೆ.