ಎತ್ತರವಿತ್ತು, ರೀಬೌಂಡ್ ಇರಲಿಲ್ಲ: ಫಿಲಡೆಲ್ಫಿಯಾಗೆ ಮೋಸೆಸ್ ಮಲೋನ್ ಬೇಕಾದದ್ದು ಯಾಕೆ

1980ರ ಮೇ 16, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್‌ನ ಆರನೇ ಪಂದ್ಯ. ಲೇಕರ್ಸ್‌ನ ದೈತ್ಯ ಸೆಂಟರ್, ಅಂದರೆ ರಿಂಗ್ ಹತ್ತಿರ ಆಡುವ ಆಟಗಾರ, ಕರೀಮ್ ಅಬ್ದುಲ್-ಜಬ್ಬಾರ್ ಕಾಲು ಉಳುಕಿಸಿಕೊಂಡು ಲಾಸ್ ಏಂಜಲೀಸ್‌ನಲ್ಲೇ ಉಳಿದಿದ್ದರು. ತವರಿನಲ್ಲಿ ಆಡುತ್ತಿದ್ದ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್‌ಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಆದರೆ ಲೇಕರ್ಸ್ ಪರ ಸೆಂಟರ್ ಜಾಗದಲ್ಲಿ ಪಂದ್ಯ ಶುರುಮಾಡುವ ಜಂಪ್ ಬಾಲ್‌ಗೆ ನಿಂತ, ಮಾಮೂಲಾಗಿ ರಿಂಗ್‌ನಿಂದ ದೂರ ಆಡುವ 20 ವರ್ಷದ ಗಾರ್ಡ್ ಮ್ಯಾಜಿಕ್ ಜಾನ್ಸನ್ 42 ಪಾಯಿಂಟ್, 15 ರೀಬೌಂಡ್ (ಗುರಿ ತಪ್ಪಿ ಬಂದ ಚೆಂಡನ್ನು ಹಿಡಿಯುವುದು) ಬಾಚಿಕೊಂಡು ಟ್ರೋಫಿಯನ್ನು ಕಸಿದೇಬಿಟ್ಟರು.

ಈ ಪಂದ್ಯವನ್ನು ಎಲ್ಲರೂ ಮ್ಯಾಜಿಕ್ ಕಥೆಯಾಗಿಯೇ ಹೇಳುತ್ತಾರೆ. ಸೋತವರ ಕಡೆಯಿಂದ ನೋಡಿದರೆ ಏಳುವ ಪ್ರಶ್ನೆ ಬೇರೆ. ಏಳಡಿಯ ಆಸುಪಾಸಿನ ಇಬ್ಬರನ್ನು, ಡ್ಯಾರಿಲ್ ಡಾಕಿನ್ಸ್ ಮತ್ತು ಕಾಲ್ಡ್‌ವೆಲ್ ಜೋನ್ಸ್‌ರನ್ನು, ಇಟ್ಟುಕೊಂಡ ತಂಡ ರಿಂಗ್ ಕೆಳಗೆ ಒಬ್ಬ ಗಾರ್ಡ್‌ಗೆ ಮಣಿದದ್ದಾದರೂ ಹೇಗೆ? ಡಾಕಿನ್ಸ್ 1979ರ ಕೊನೆಯಲ್ಲಿ ಒಂದು ತಿಂಗಳೊಳಗೆ ರಿಂಗ್ ಹಿಂದಿನ ಎರಡು ಬ್ಯಾಕ್‌ಬೋರ್ಡ್ ಪುಡಿ ಮಾಡಿದ್ದ ಆಸಾಮಿ. ಬೋರ್ಡ್ ಒಡೆಯುವುದು ಬೇರೆ, ಬೋರ್ಡಿಗೆ ಬಡಿದು ಬಂದ ಚೆಂಡನ್ನು ದಿನವೂ ಹಿಡಿಯುವುದು ಬೇರೆ.

ತಂಡದ ಸೋಲುಗಳ ಸಾಲು ಇನ್ನೂ ಹಿಂದಿನದು. 1976ರಲ್ಲಿ ಜೂಲಿಯಸ್ ಅರ್ವಿಂಗ್ ಬಂದರು, ನೋಡಲು ಅವರಷ್ಟು ಚೆಂದದ ಆಟಗಾರ ಆಗ ಇನ್ನೊಬ್ಬನಿರಲಿಲ್ಲ. 1977ರ ಫೈನಲ್ಸ್‌ನಲ್ಲಿ 2–0 ಮುಂದಿದ್ದ ತಂಡ ಬಿಲ್ ವಾಲ್ಟನ್ ಎಂಬ ಸೆಂಟರ್ ಇದ್ದ ಪೋರ್ಟ್‌ಲ್ಯಾಂಡ್‌ಗೆ ಸತತ ನಾಲ್ಕು ಪಂದ್ಯ ಒಪ್ಪಿಸಿತು. 1981ರಲ್ಲಿ ಬಾಸ್ಟನ್ ಎದುರು 3–1 ಮುನ್ನಡೆ ನೀರುಪಾಲಾಯಿತು. 1982ರ ಫೈನಲ್ಸ್‌ನಲ್ಲಿ ಮತ್ತೆ ಲೇಕರ್ಸ್, ಮತ್ತೆ 4–2. ದೂರದಿಂದ ಶಾಟ್ ಹೊಡೆಯಲು ಆಂಡ್ರ್ಯೂ ಟೋನಿ, ವೇಗಕ್ಕೆ ಮೊರೀಸ್ ಚೀಕ್ಸ್, ಡಿಫೆನ್ಸ್‌ಗೆ ಬಾಬಿ ಜೋನ್ಸ್ ಇದ್ದರು. ಇಲ್ಲದಿದ್ದವನು ಪೇಂಟ್ ಒಳಗೆ, ಅಂದರೆ ರಿಂಗ್ ಮುಂದೆ ಗೆರೆ ಎಳೆದ ಜಾಗದಲ್ಲಿ, ಬೇರು ಬಿಟ್ಟು ನಿಲ್ಲುವವನು.

ರಿಂಗ್ ಹತ್ತಿರ ನಿಲ್ಲುವವನ ಬೆಲೆ ಲೀಗ್‌ಗೆ ಮೊದಲಿಂದಲೂ ಗೊತ್ತಿತ್ತು. ಜಾರ್ಜ್ ಮೈಕನ್ ಹಾವಳಿ ತಡೆಯಲೆಂದು ಆರು ಅಡಿ ಅಗಲವಿದ್ದ ಪೇಂಟನ್ನು 1951ರಲ್ಲಿ ಹನ್ನೆರಡಕ್ಕೆ ಏರಿಸಿದರು. ವಿಲ್ಟ್ ಚೇಂಬರ್ಲಿನ್ ಬಂದ ಮೇಲೆ, 1964ರಲ್ಲಿ, ಹದಿನಾರಕ್ಕೆ. ಒಬ್ಬಿಬ್ಬರು ಸೆಂಟರ್‌ಗಳಿಗಾಗಿ ಅಂಗಳದ ಗೆರೆಗಳನ್ನೇ ಅಳಿಸಿ ಬರೆದ ಆಟ ಇದು.

ಮೋಸೆಸ್ ಮಲೋನ್ ಆ ಇಬ್ಬರ ಹಾಗಿರಲಿಲ್ಲ. ಆರಡಿ ಹತ್ತಿಂಚು, ಸೆಂಟರ್‌ಗಳ ಲೆಕ್ಕದಲ್ಲಿ ವಿಶೇಷವೇನಲ್ಲ, ಅಂಗೈಯೂ ಚಿಕ್ಕದು. 1974ರಲ್ಲಿ ಹೈಸ್ಕೂಲಿನಿಂದ ನೇರವಾಗಿ ವೃತ್ತಿಪರ ಆಟಕ್ಕೆ ಇಳಿದವರು. ಅವರ ಕಸುಬು ಆಫೆನ್ಸಿವ್ ರೀಬೌಂಡ್, ಅಂದರೆ ತನ್ನದೇ ತಂಡದ ಗುರಿ ತಪ್ಪಿದ ಚೆಂಡನ್ನು ಮತ್ತೆ ಹಿಡಿಯುವುದು. ಲೆಕ್ಕದ ಪ್ರಕಾರ ಡಿಫೆಂಡರ್ ರಿಂಗ್‌ಗೂ ಎದುರಾಳಿಗೂ ನಡುವೆ ನಿಂತು ಬಾಕ್ಸ್ ಔಟ್ ಮಾಡಿದರೆ ಇದಕ್ಕೆ ದಾರಿಯೇ ಇರಬಾರದು. ಮಲೋನ್ ಮಾಡುತ್ತಿದ್ದದ್ದು ಇಷ್ಟು: ಶಾಟ್ ಹೊರಡುವ ಹೊತ್ತಿಗೆ ರಿಂಗ್ ಹಿಂದಿನ ಕೊನೆಯ ಗೆರೆ, ಬೇಸ್‌ಲೈನ್ ಕಡೆ ಸರಿದು, ಡಿಫೆಂಡರ್ ಬೆನ್ನ ಹಿಂದೆ, ಬೋರ್ಡ್ ಕೆಳಗೆ ಮರೆಯಾಗುವುದು. ಮೇಲೆ ನೋಡುತ್ತ ನಿಂತವನಿಗೆ ಇವರು ಕಾಣುತ್ತಿರಲಿಲ್ಲ. ಆಮೇಲೆ ಕಿಕ್ಕಿರಿದ ಬಸ್ಸಿನಲ್ಲಿ ಜಾಗ ಮಾಡಿಕೊಳ್ಳುವವರಂತೆ ಸೊಂಟ ಕೊಟ್ಟು ಅವನನ್ನು ಹೊರಕ್ಕೆ ನೂಕುತ್ತ ಬರುವುದು. ಚೆಂಡು ಕೈಗೆ ಸಿಗದಿದ್ದರೆ ಬೆರಳ ತುದಿಯಿಂದ ತಟ್ಟುವುದು, ಮತ್ತೆ ಹಾರುವುದು, ಮತ್ತೆ ತಟ್ಟುವುದು. 1978–79ರ ಸೀಸನ್‌ನಲ್ಲಿ ಹೀಗೆ ಹಿಡಿದದ್ದು 587. ಆ ದಾಖಲೆ ಇನ್ನೂ ಹಾಗೇ ಇದೆ.

ರೀಬೌಂಡ್ ಮತ್ತು ಒಳಗಿನ ಸ್ಕೋರಿಂಗ್ ಎರಡು ಪ್ರತ್ಯೇಕ ಕೊರತೆಗಳೆಂದು ಕೋಚ್‌ಗಳು ಪಟ್ಟಿ ಮಾಡುತ್ತಾರೆ. ಮಲೋನ್ ವಿಷಯದಲ್ಲಿ ಎರಡೂ ಒಂದೇ ಕೆಲಸ. ಹಿಡಿದ ಚೆಂಡು ರಿಂಗ್‌ನಿಂದ ಎರಡು ಅಡಿ ದೂರದಲ್ಲಿರುತ್ತಿತ್ತು. ಹಾಕಿದರೆ ಬಾಸ್ಕೆಟ್, ತಡೆದರೆ ಫೌಲ್, ಫ್ರೀ ಥ್ರೋ. ರಿಂಗ್ ಹತ್ತಿರ ಅವರ ಕೈಗೆ ಚೆಂಡು ತಲುಪಿಸಲು ವಿಶೇಷ ಪ್ಲೇ ಬರೆಯುವ ಅಗತ್ಯವೇ ಕಡಿಮೆ.

1982ರಲ್ಲಿ ಹ್ಯೂಸ್ಟನ್ ಜೊತೆಗಿನ ಅವರ ಒಪ್ಪಂದ ಮುಗಿಯಿತು. ಫಿಲಡೆಲ್ಫಿಯಾದ ಮಾಲೀಕ ಹೆರಾಲ್ಡ್ ಕ್ಯಾಟ್ಜ್ ಆರು ವರ್ಷಕ್ಕೆ 1.32 ಕೋಟಿ ಡಾಲರ್ ಮುಂದಿಟ್ಟರು. ಬದಲಿಗೆ ಹ್ಯೂಸ್ಟನ್‌ಗೆ ಹೋದದ್ದು ಕಾಲ್ಡ್‌ವೆಲ್ ಜೋನ್ಸ್ ಮತ್ತು ಮೊದಲ ಸುತ್ತಿನ ಒಂದು ಡ್ರಾಫ್ಟ್ ಪಿಕ್, ಅಂದರೆ ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ. ಡಾಕಿನ್ಸ್‌ರನ್ನು ನ್ಯೂಜೆರ್ಸಿಗೆ ಕಳಿಸಿದರು. ಎತ್ತರದ ಇಬ್ಬರೂ ಹೋದರು, ತಂಡ ರೀಬೌಂಡ್‌ನಲ್ಲಿ ಬಲವಾಯಿತು! ಮಲೋನ್ ಇಲ್ಲದ ಹ್ಯೂಸ್ಟನ್ ಆ ಸೀಸನ್‌ನಲ್ಲಿ 82ರಲ್ಲಿ 14 ಪಂದ್ಯವನ್ನಷ್ಟೇ ಗೆದ್ದಿತು.

ಫಿಲಡೆಲ್ಫಿಯಾ ಗೆದ್ದದ್ದು 65. ಮಲೋನ್ ಸರಾಸರಿ 24.5 ಪಾಯಿಂಟ್, 15.3 ರೀಬೌಂಡ್. ಇದರ ಲಾಭ ಕಂಡದ್ದು ರಿಂಗ್ ಹತ್ತಿರ ಮಾತ್ರವಲ್ಲ: ಡಿಫೆನ್ಸಿವ್ ರೀಬೌಂಡ್ ಖಾತ್ರಿಯಾದ ಮೇಲೆ ಚೀಕ್ಸ್ ಮತ್ತು ಅರ್ವಿಂಗ್ ಹಿಂದೆ ನಿಂತು ಕಾಯಬೇಕಿರಲಿಲ್ಲ, ಎದುರಾಳಿ ಸಜ್ಜಾಗುವ ಮೊದಲೇ ನುಗ್ಗುವ ಫಾಸ್ಟ್ ಬ್ರೇಕ್‌ಗೆ ಓಡಬಹುದಿತ್ತು. ಪ್ಲೇಆಫ್ ಹೇಗಿರುತ್ತದೆ ಎಂದು ಕೇಳಿದಾಗ ಮಲೋನ್ ಹೇಳಿದ್ದು ಮೂರೇ ಪದ, ‘ಫೋ, ಫೋ, ಫೋ’. ಫೋರ್ ಎನ್ನುವುದು ಅವರ ಬಾಯಲ್ಲಿ ಫೋ: ಮೂರು ಸರಣಿ, ಪ್ರತಿಯೊಂದೂ ನಾಲ್ಕೇ ಪಂದ್ಯದಲ್ಲಿ ಮುಗಿಯುತ್ತದೆ ಎಂದು. ಮಿಲ್ವಾಕಿ ಒಂದು ಪಂದ್ಯ ಕಿತ್ತುಕೊಂಡಿತು, ಅಷ್ಟೆ. ಫೈನಲ್ಸ್‌ನಲ್ಲಿ ಲೇಕರ್ಸ್ ವಿರುದ್ಧ 4–0 ಗೆಲುವು. ಲೇಕರ್ಸ್‌ನ ಜೇಮ್ಸ್ ವರ್ದಿ ಗಾಯಗೊಂಡು ಹೊರಗಿದ್ದರು ಎಂಬುದನ್ನೂ ಹೇಳಬೇಕು. ಆದರೆ ಕರೀಮ್ ಇದ್ದರು, ಅವರೆದುರೇ ಮಲೋನ್ ಪಂದ್ಯಕ್ಕೆ 18 ರೀಬೌಂಡ್ ಹಿಡಿದರು.

ಪಾಠ ಕಲಿತ ತಂಡ ಅದನ್ನು ಮರೆಯಲು ಮೂರು ವರ್ಷ ಸಾಕಾಯಿತು. 1986ರ ಜೂನ್ 16ರಂದು ಮಲೋನ್‌ರನ್ನು ವಾಷಿಂಗ್ಟನ್‌ಗೆ ಕೊಟ್ಟು ಜೆಫ್ ರೂಲಂಡ್‌ರನ್ನು ತಂದರು. ಅದೇ ದಿನ ಡ್ರಾಫ್ಟ್‌ನ ಮೊದಲ ಪಿಕ್ಕನ್ನೂ ರಾಯ್ ಹಿನ್ಸನ್‌ಗಾಗಿ ಕ್ಲೀವ್‌ಲ್ಯಾಂಡ್‌ಗೆ ಬಿಟ್ಟುಕೊಟ್ಟರು. ಆ ಪಿಕ್‌ನಲ್ಲಿ ಕ್ಲೀವ್‌ಲ್ಯಾಂಡ್ ಆರಿಸಿಕೊಂಡದ್ದು ಬ್ರ್ಯಾಡ್ ಡಾಹರ್ಟಿ ಎಂಬ ಸೆಂಟರ್‌ನನ್ನು. ಮೊಣಕಾಲು ಕೈಕೊಟ್ಟ ರೂಲಂಡ್ ಆ ಸೀಸನ್‌ನಲ್ಲಿ ಆಡಿದ್ದು ಐದು ಪಂದ್ಯ. ಉಳಿದದ್ದು ಚಾರ್ಲ್ಸ್ ಬಾರ್ಕ್ಲಿ. ಹೊಸಬನಾಗಿ ಬಂದಾಗ ‘ನೀನು ದಪ್ಪ, ಸೋಮಾರಿ’ ಎಂದು ಮುಖಕ್ಕೇ ಹೇಳಿ ಅವರ ತೂಕ ಇಳಿಸಿದ್ದು ಮಲೋನ್, ಇದನ್ನು ಬಾರ್ಕ್ಲಿಯೇ ಹಲವು ಸಲ ನೆನೆದಿದ್ದಾರೆ. ದಾಖಲೆಯಲ್ಲಿ ಆರಡಿ ಆರಿಂಚು, ನಿಜದಲ್ಲಿ ಅದಕ್ಕೂ ಗಿಡ್ಡ ಇದ್ದ ಬಾರ್ಕ್ಲಿ 1986–87ರಲ್ಲಿ ಪಂದ್ಯಕ್ಕೆ 14.6 ರೀಬೌಂಡ್‌ನಂತೆ ಹಿಡಿದು ಇಡೀ ಲೀಗ್‌ಗೆ ಮೊದಲಿಗರಾದರು. ತಂಡ ಮಾತ್ರ ಮೊದಲ ಸುತ್ತಿನಲ್ಲೇ ಮಿಲ್ವಾಕಿಗೆ ಸೋತು ಮನೆಗೆ ಹೋಯಿತು.