ಯಾವ ರೌಂಡ್ ಅಂತ ಹೇಳಿ
ಬೆಳಗಾವಿಯಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತೇನೆ. ಅಮೆಚೂರ್ ಪಂದ್ಯಗಳಲ್ಲಿ ಜಡ್ಜ್ ಆಗಿಯೂ ಕೂತಿದ್ದೇನೆ. ಹೆವಿವೇಟ್‌ನ ದೊಡ್ಡ ಪಂದ್ಯ ನಡೆದ ಮರುದಿನ ಪಾಲಕರು ಫೋನ್ ಹಿಡಿದು ಬರುತ್ತಾರೆ. "ಸರ್, ಇವನ ಜಾಸ್ತಿ ಹೊಡದಾನ. ಮತ್ತ ಅವನ ಕೈ ಯಾಕ ಎತ್ತಿದ್ರು? ರೊಕ್ಕ ತಿಂದಾರ ಬಿಡ್ರಿ." ಎಷ್ಟು ಸಲ ತಿಳಿಸಿ ಹೇಳಿದರೂ ಮತ್ತೆ ಇದೇ ಮಾತು.

ನಮ್ಮ ಕಡೆಯವರು ನಿಕಾಲಿ ಕುಸ್ತಿ ನೋಡಿ ಬೆಳೆದವರು. ಬೆನ್ನು ಮಣ್ಣಿಗೆ ತಾಗಿತೋ, ಮುಗಿಯಿತು. ಕಣದ ಸುತ್ತ ಕೂತ ಎಲ್ಲರಿಗೂ ಕಾಣುತ್ತದೆ. ಬಾಕ್ಸಿಂಗ್ ಹಾಗಲ್ಲ. ಇಲ್ಲಿ ಪ್ರತಿ ರೌಂಡ್‌ಗೂ ಬೇರೆ ಲೆಕ್ಕ. ಗೆದ್ದವನಿಗೆ 10, ಸೋತವನಿಗೆ 9. ಒಮ್ಮೆ ಕೆಳಗೆ ಬಿದ್ದರೆ ಸಾಮಾನ್ಯವಾಗಿ 8. ಮೂವತ್ತು ಏಟು ಜಾಸ್ತಿ ಹೊಡೆದು ಗೆದ್ದರೂ ಹೆಚ್ಚಾಗಿ 10-9 ಅಷ್ಟೇ, ಕೂದಲೆಳೆಯಲ್ಲಿ ಗೆದ್ದರೂ 10-9. ಈ ರೌಂಡಿನ ಏಟು ಮುಂದಿನ ರೌಂಡಿಗೆ ಜಮಾ ಆಗುವುದಿಲ್ಲ.

2018ರ ಡಿಸೆಂಬರ್ 1ರಂದು ಹೆವಿವೇಟ್ ಬಾಕ್ಸರ್‌ಗಳಾದ ಟೈಸನ್ ಫ್ಯೂರಿ ಮತ್ತು ಡಿಯೊಂಟೆ ವೈಲ್ಡರ್ ನಡುವೆ ನಡೆದ 12 ರೌಂಡಿನ ಪಂದ್ಯ ನೋಡಿ. ಫ್ಯೂರಿ ಬಹಳ ರೌಂಡ್ ವೈಲ್ಡರ್‌ಗೆ ಸಿಗಲೇ ಇಲ್ಲ. ಆದರೆ 9 ಮತ್ತು 12ನೇ ರೌಂಡಿನಲ್ಲಿ ಬಿದ್ದ. ಒಬ್ಬ ಜಡ್ಜ್ 115-111 ಅಂತ ವೈಲ್ಡರ್‌ಗೆ ಕೊಟ್ಟರು, ಇನ್ನೊಬ್ಬರು 114-112 ಅಂತ ಫ್ಯೂರಿಗೆ. ಮೂರನೆಯವರದು 113-113. ಪಂದ್ಯ ಡ್ರಾ. ಆ ಮೂರನೇ ಜಡ್ಜ್ ಅಂಕ ಬರೆದ ಹಾಳೆಯನ್ನೇ ಕೂಡಿಸಿ ನೋಡಿ. ಫ್ಯೂರಿ ಗೆದ್ದ 7 ರೌಂಡಿಗೆ 70, ಸೋತ 3 ರೌಂಡಿಗೆ 27, ಬಿದ್ದ 2 ರೌಂಡಿಗೆ 16. ಒಟ್ಟು 113. ವೈಲ್ಡರ್ ಗೆದ್ದ 5ಕ್ಕೆ 50, ಸೋತ 7ಕ್ಕೆ 63. ಅದೂ 113. ಏಳು ರೌಂಡ್ ಗೆದ್ದವನೂ ಐದು ಗೆದ್ದವನೂ ಸಮ. ಇದರಲ್ಲಿ ಮೋಸ ಎಲ್ಲಿದೆ?

ಎಲ್ಲ ತೀರ್ಪೂ ಸರಿ ಅಂತ ನಾನು ಹೇಳುತ್ತಿಲ್ಲ. 1999ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಹೆವಿವೇಟ್ ಬಾಕ್ಸರ್‌ಗಳಾದ ಲೆನಾಕ್ಸ್ ಲೂಯಿಸ್ ಮತ್ತು ಇವಾಂಡರ್ ಹೋಲಿಫೀಲ್ಡ್ ಪಂದ್ಯವನ್ನು ಡ್ರಾ ಮಾಡಿದರು. 5ನೇ ರೌಂಡಿನಲ್ಲಿ ಲೂಯಿಸ್ ಹೋಲಿಫೀಲ್ಡ್‌ನನ್ನು ಹಗ್ಗಕ್ಕೆ ಒತ್ತಿ ಬಾರಿಸಿದ್ದ. ಒಬ್ಬ ಜಡ್ಜ್ ಆ ರೌಂಡನ್ನೂ ಹೋಲಿಫೀಲ್ಡ್‌ಗೇ ಕೊಟ್ಟರು. ಅವರ ಹಾಳೆಯಲ್ಲಿ 115-113, ಹೋಲಿಫೀಲ್ಡ್ ಮುಂದೆ. ಇದು ನನಗೆ ಇವತ್ತಿಗೂ ನುಂಗಲಾಗದ ತುತ್ತು. ರೊಕ್ಕ ತಿಂದರು ಅನ್ನಲು ನನ್ನ ಕೈಯಲ್ಲಿ ಪುರಾವೆ ಇಲ್ಲ, ಹಾಗಾಗಿ ಅನ್ನುವುದಿಲ್ಲ. ತಪ್ಪಾಯಿತು ಅಂತ ಗಟ್ಟಿಯಾಗಿ ಹೇಳುತ್ತೇನೆ. ಯಾಕೆಂದರೆ ಇಂಥದೇ ರೌಂಡ್ ಅಂತ ಬೆರಳಿಟ್ಟು ತೋರಿಸಬಹುದು. ನಾನು ಪಾಲಕರಿಂದ ಕೇಳುವುದೂ ಇಷ್ಟೇ. ಮೋಸ ಅನ್ನುವ ಮೊದಲು ಯಾವ ರೌಂಡ್ ಅಂತ ಹೇಳಿ.

ಒಬ್ಬ ಹುಡುಗನ ಅಪ್ಪ ಕಬ್ಬಿನ ಲಾರಿ ಓಡಿಸುತ್ತಾರೆ. ಬಹಳ ಒಳ್ಳೆಯ ಮನುಷ್ಯ, ಆದರೆ ಪಂದ್ಯದ ಮಾತು ಬಂದರೆ ಜಗಳಕ್ಕೇ ನಿಲ್ಲುತ್ತಾರೆ. ಒಂದು ಭಾನುವಾರ ಅವರ ಕೈಗೆ ವಹಿ ಕೊಟ್ಟು ಫ್ಯೂರಿ-ವೈಲ್ಡರ್ ಪಂದ್ಯ ಹಚ್ಚಿದೆ. ಕಾಮೆಂಟರಿ ಕೇಳಬಾರದು ಅಂತ ಆವಾಜ್ ಬಂದ್ ಮಾಡಿದೆ. ಗಂಟೆ ಹೊಡೆದ ಕೂಡಲೇ ಅಂಕ ಬರೆಯಬೇಕು, ಆಮೇಲೆ ತಿದ್ದುವಂತಿಲ್ಲ. ನಾನೂ ಬೇರೆ ಹಾಳೆಯಲ್ಲಿ ಬರೆದೆ. ನನ್ನದು 114-112 ಬಂತು, ಫ್ಯೂರಿಗೆ. ಅವರದು 113-113. ಒಂದೇ ಒಂದು ರೌಂಡಿನ ಫರಕು. ಅವರು ಫೋನ್ ಎತ್ತಿಕೊಂಡು, "ಸರ್, ಆ ರೌಂಡ್ ಇನ್ನೊಮ್ಮೆ ಹಚ್ಚೋಣು" ಅಂದರು.