ಹನಿಯೂ ಸೋರದ ಸೋರಿಕೆ

ಪಂಪು ನೀರನ್ನು ಎಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ನೀರೇನು ಹಗ್ಗವೇ, ತುದಿ ಹಿಡಿದು ಎಳೆಯಲು?

ಜುಲೈ ಕೊನೆಯ ಒಂದು ಸಂಜೆ ಗೋವಾದ ವಾಸ್ಕೋದಲ್ಲಿರುವ ಖಾರಿವಾಡೊ ಮೀನುಗಾರಿಕೆ ಜೆಟ್ಟಿಗೆ ಹೋಗಿದ್ದೆ. ಜೂನ್ 1ಕ್ಕೆ ಶುರುವಾದ ಮೀನುಗಾರಿಕೆ ನಿಷೇಧ ಮುಗಿಯಲು ಎರಡೇ ದಿನ ಉಳಿದಿತ್ತು. ಅಂಕೋಲೆ ಕಡೆಯ ತಾಂಡೇಲರೊಬ್ಬರು (ದೋಣಿ ನಡೆಸುವ ಮುಖ್ಯಸ್ಥರು), ನನ್ನ ವಿದ್ಯಾರ್ಥಿಯೊಬ್ಬನ ತಂದೆ, ದೋಣಿಯ ತಳದಲ್ಲಿ ನಿಂತ ಮಳೆನೀರನ್ನು ಕೈಪಂಪಿನಿಂದ ಹೊರಹಾಕಲು ಹೆಣಗುತ್ತಿದ್ದರು. ಹಿಡಿಕೆ ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಆಡುತ್ತಿತ್ತು. ಹೊರಬಾಯಿಂದ ಬರುತ್ತಿದ್ದುದು ಮಾತ್ರ ಪುಸ್ ಪುಸ್ ಎಂಬ ಗಾಳಿ. ಪಂಪಿಗೆ ಹೊಸ ರಬ್ಬರ್ ಪೊರೆ ಹಾಕಿ ಇನ್ನೂ ವಾರವಾಗಿರಲಿಲ್ಲ. ಹಿಡಿಕೆಯ ಬುಡಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು.

"ಪೈಪು ನೋಡಿದಿರಾ?"

"ಉದ್ದಕ್ಕೂ ಕೈಯಾಡಿಸಿ ನೋಡಿದೆ ಮಾಸ್ತರೇ. ಒಂದು ಹನಿಯೂ ಸೋರುತ್ತಿಲ್ಲ. ದೃಷ್ಟಿಯೇ ತಾಗಿರಬೇಕು."

ನಿಂಬೆಹಣ್ಣಿನ ಮೇಲೆ ನನಗೇನೂ ಹಗೆಯಿಲ್ಲ. ಹುರಿದ ಬಂಗುಡೆಯ ಮೇಲೆ ಹಿಂಡಲು ಅದು ಬೇಕೇ ಬೇಕು. ಆದರೆ ಹನಿಯೂ ಸೋರುತ್ತಿಲ್ಲ ಎಂದು ಅವರು ಹೇಳಿದ್ದರಲ್ಲೇ ರೋಗದ ಗುಟ್ಟಿತ್ತು.

ಈ ಪಂಪು ಕಮ್ಮಾರನ ತಿದಿಯ ತಂಗಿ. ತಿದಿಯನ್ನು ಹಿಗ್ಗಿಸಿದಾಗ ಒಂದು ಮುಚ್ಚಳ ತೆರೆದು ಗಾಳಿ ಒಳಬರುತ್ತದೆ. ಅದುಮಿದಾಗ ಅದೇ ಮುಚ್ಚಳ ಮುಚ್ಚಿಕೊಂಡು ಗಾಳಿ ಮೂತಿಯ ಕಡೆ ಓಡುತ್ತದೆ. ಇಲ್ಲಿ ಚರ್ಮದ ಬದಲು ರಬ್ಬರ್ ಪೊರೆ. ಒಳಬಾಯಿಗೊಂದು, ಹೊರಬಾಯಿಗೊಂದು ಮುಚ್ಚಳ, ಎರಡೂ ಒಂದೇ ದಿಕ್ಕಿಗೆ ತೆರೆಯುವಂಥವು. ಹಿಡಿಕೆ ಎತ್ತಿದಾಗ ಪೊರೆ ಉಬ್ಬಿ ಒಳಗೆ ಜಾಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಪಂಪಿನ ಕೆಲಸ ಅಷ್ಟಕ್ಕೇ ಮುಗಿಯಿತು. ನೀರನ್ನು ಮೇಲಕ್ಕೆ ನೂಕುವುದು ದೋಣಿಯ ತಳದ ನೀರಿನ ಮೇಲೆ ಕುಳಿತಿರುವ ಗಾಳಿ. ಪ್ರತಿ ಚದರ ಸೆಂಟಿಮೀಟರಿನ ಮೇಲೂ ಅದರ ಭಾರ ಸುಮಾರು ಒಂದು ಕಿಲೋ. ಸಂಜೆ ಹೊತ್ತಿನ ಬಸ್ಸನ್ನು ನೆನೆಯಿರಿ. ಬಾಗಿಲು ಯಾರನ್ನೂ ಒಳಗೆ ಎಳೆದುಕೊಳ್ಳುವುದಿಲ್ಲ. ಒಳಗೆ ಸ್ವಲ್ಪ ಜಾಗವಾಯಿತೋ, ಹಿಂದಿದ್ದವರೇ ನೂಕಿ ಹತ್ತಿಸುತ್ತಾರೆ.

ಗೆಲಿಲಿಯೋನಂಥವನೂ ಇಲ್ಲಿ ಎಡವಿದ್ದಾನೆ ಎಂಬುದು ನನಗೆ ಪ್ರತಿ ಸಲವೂ ಖುಷಿ ಕೊಡುವ ಸಂಗತಿ. ಅವನ 1638ರ ಗ್ರಂಥದಲ್ಲಿ ಬರುವ ಪಂಪು ರಿಪೇರಿಯವನು, ದೋಷ ಪಂಪಿನದಲ್ಲ, ಇಂತಿಷ್ಟು ಎತ್ತರದಾಚೆ ನೀರು ಏರುವುದೇ ಇಲ್ಲ ಎನ್ನುತ್ತಾನೆ. ಆ ಎತ್ತರ ಸುಮಾರು 10 ಮೀಟರ್. ರಿಪೇರಿಯವನು ಹೇಳಿದ್ದು ಸರಿ. ಅದಕ್ಕೆ ಕಾರಣ ಕೊಡಲು ಹೋದ ಗೆಲಿಲಿಯೋ, ತೀರಾ ಉದ್ದವಾದ ಹಗ್ಗ ತನ್ನ ಭಾರಕ್ಕೆ ತಾನೇ ಕಡಿದುಹೋಗುವಂತೆ ನೀರಿನ ಕಂಬವೂ ಕಡಿಯುತ್ತದೆ ಎಂದ. ಮತ್ತೆ ಅದೇ ಹಗ್ಗ! ಅವನ ಶಿಷ್ಯ ಟೊರಿಸೆಲ್ಲಿ ನೀರಿಗಿಂತ 13.6 ಪಟ್ಟು ಭಾರವಾದ ಪಾದರಸದ ಕಡೆ ಹೊರಳಿದ. ಕೊಳವೆಯಲ್ಲಿ ಅದರ ಕಂಬ 76 ಸೆಂಟಿಮೀಟರಿಗೇ ನಿಂತಿತು: ಹೊರಗಿನ ಗಾಳಿ ಎತ್ತಿ ಹಿಡಿಯಬಲ್ಲದ್ದು ಅಷ್ಟೇ ಭಾರ. ನಾವೆಲ್ಲ ಗಾಳಿಯ ಸಮುದ್ರದ ತಳದಲ್ಲಿ ಮುಳುಗಿ ಬದುಕುತ್ತಿದ್ದೇವೆ ಎಂದು 1644ರ ಕಾಗದವೊಂದರಲ್ಲಿ ಅವನು ಬರೆದ.

ಜೆಟ್ಟಿಗೆ ಮರಳೋಣ. ಒಳಬಾಯಿಯ ಕಡೆಯ ಪೈಪಿನಲ್ಲಿ ಪಂಪು ಆಡುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಅಲ್ಲೊಂದು ಬಿರುಕಿದ್ದರೆ ನೀರು ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಸೀಳಿದ ಕೊಳವೆಯಲ್ಲಿ ಎಳನೀರು ಕುಡಿದವರಿಗೆ ಇದು ಗೊತ್ತು: ಹೀರಿದಷ್ಟೂ ಗಾಳಿ ಬಾಯಿಗೆ ಬರುತ್ತದೆ, ಅಂಗಿಯ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಸಾಲದ್ದಕ್ಕೆ ಗಾಳಿಯ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ಅಂಟುತಡೆ, ನೀರಿನದರ ಸುಮಾರು 50ರಲ್ಲಿ ಒಂದು ಭಾಗ. ನೀರು ತಿಣುಕಿ ನುಸುಳಬೇಕಾದ ಕೂದಲೆಳೆಯ ಸಂದಿಯಲ್ಲಿ ಅದು ಸಲೀಸಾಗಿ ಓಡಾಡುತ್ತದೆ. ಒದ್ದೆ ಜಾಗ ಹುಡುಕುತ್ತ ಕುಳಿತರೆ ಆಗಸ್ಟ್ ಕಳೆದರೂ ಸಿಗುವುದಿಲ್ಲ.

ಪೈಪು ಕಳಚಿ ಪಂಪಿನ ಒಳಬಾಯಿಗೆ ಅಂಗೈ ಒತ್ತಿ ಹಿಡಿಯಲು ತಾಂಡೇಲರಿಗೆ ಹೇಳಿ, ನಾನು ಹಿಡಿಕೆ ಎತ್ತಿದೆ. ಅಂಗೈ ಅಂಟಿಕೊಂಡು ಅವರು "ಹಾಂ!" ಎಂದರು. ಅಲ್ಲಿಗೆ ಪೊರೆ, ಮುಚ್ಚಳ ಎರಡೂ ನಿರ್ದೋಷಿಗಳು. ಮತ್ತೆ ಪೈಪು ಸಿಕ್ಕಿಸಿ, ಅದರ ಕೆಳತುದಿಗೆ ಅಂಗೈ ಕೊಟ್ಟಾಗ ಏನೂ ಇಲ್ಲ. ಕಳ್ಳ ಪೈಪಿನಲ್ಲಿದ್ದ. ಪಂಪಿಗೆ ಸೇರುವಲ್ಲಿ ಕ್ಲಿಪ್ಪು ತುಕ್ಕು ಹಿಡಿದಿತ್ತು. ಅದರಿಂದ ಎರಡು ಬೆರಳಿನಾಚೆ ರಬ್ಬರ್ ಗಟ್ಟಿಯಾಗಿ, ಬಗ್ಗಿಸಿದಾಗ ಮಾತ್ರ ಕಾಣುವ ಬಿರುಕು. ನಾಲ್ಕು ಬೆರಳಗಲ ಕತ್ತರಿಸಿ, ಹೊಸ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಎರಡು ಕ್ಲಿಪ್ಪು ಬಿಗಿದರು.

ಏಳೆಂಟು ಸಲ ಗಾಳಿ ಬಂತು, ಆಮೇಲೆ ನೀರು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಹಿಡಿಕೆ ಎತ್ತಲಾರದಷ್ಟು ಬಿಗಿಯಾಯಿತು; ಕೈಬಿಟ್ಟರೆ ಸ್ಪ್ರಿಂಗಿನಂತೆ ಹಿಂದಕ್ಕೆ ಹೋಗುತ್ತಿತ್ತು. ಇದು ಮೊದಲಿನದಕ್ಕೆ ತದ್ವಿರುದ್ಧ ಲಕ್ಷಣ: ಕೆಳಗೆ ದಾರಿ ಕಟ್ಟಿದೆ, ನೀರೂ ಇಲ್ಲ, ಗಾಳಿಯೂ ಇಲ್ಲ. 10 ಸೆಂಟಿಮೀಟರ್ ಅಗಲದ ಪೊರೆಯ ಹಿಂದೆ ಪೂರ್ತಿ ನಿರ್ವಾತವಾದರೆ ಹೊರಗಿನ ಗಾಳಿ ಸುಮಾರು 80 ಕಿಲೋ ಭಾರದಿಂದ ಅದುಮುತ್ತದೆ. ಪೂರ್ತಿಯಾಗದಿದ್ದರೂ ತೋಳಿಗೆ ಅದರ ಕಾಲು ಭಾಗವೇ ಸಾಕು. (ಒತ್ತುವಾಗ ಬಿಗಿಯಾದರೆ ಹೊರಬಾಯಿಯ ಪೈಪು ನೋಡಿ, ಎತ್ತುವಾಗ ಬಿಗಿಯಾದರೆ ಒಳಬಾಯಿಯ ಪೈಪಿನ ಕೆಳತುದಿಯಲ್ಲಿ ಕಸ ತಡೆಯುವ ಜಾಲರಿ.) ಜಾಲರಿಯಲ್ಲಿ ಮೀನಿನ ಹುರುಪೆ, ಬಲೆಯ ನೈಲಾನ್ ಎಳೆ, ಚಿಪ್ಸ್ ಪೊಟ್ಟಣದ ಚೂರು, ಹಿಂದೆಂದೋ ಕಟ್ಟಿದ್ದ ಮೆಣಸಿನಕಾಯಿಯೊಂದು ಸಿಕ್ಕವು. ನಾನು ಏನೂ ಹೇಳಲಿಲ್ಲ. ತಾಂಡೇಲರೂ ಏನೂ ಹೇಳದೆ ಅದನ್ನು ನೀರಿಗೆ ಎಸೆದರು.

ಕತ್ತರಿಸಿದ ಪೈಪಿನ ತುಂಡನ್ನು ಮರುದಿನ ಶಾಲೆಗೆ ಒಯ್ದೆ. ತೂತು ತೋರಿಸಿ ಎಂದಾಗ ಇಡೀ ತರಗತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸೋತಿತು. ಆಮೇಲೆ ತಾಂಡೇಲರ ಮಗ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಬಕೆಟ್ಟಿನ ನೀರಿಗೆ ಬಗ್ಗಿಸಿ ಮುಳುಗಿಸಿ, ಇನ್ನೊಂದು ತುದಿಯಿಂದ ಕೆನ್ನೆ ಉಬ್ಬಿಸಿ ಊದಿದ. ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೊಂದು ಸಾಲಾಗಿ ಮೇಲೆದ್ದವು.